ಕೆಳಸಾಲಿನ ಅಕ್ಷರಗಳು

ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುತ್ತಾರಲ್ಲ, ತಗ್ರೀದಳ ಬದುಕು ಹಾಗಾಗಿ ಹೋಗಿತ್ತು. ಇರ್ಬಿದ್ ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಕಂಪ್ಯೂಟರ್ ಟೀಚರು. ವರ್ಷ ಬಂತೆಂದರೆ ಏಳನೇ ತರಗತಿ, ಏಳನೇ ತರಗತಿ ಬಂತೆಂದರೆ ಅದೇ ಅಧ್ಯಾಯ: ಆಪರೇಟಿಂಗ್ ಸಿಸ್ಟಮ್ ಎಂದರೇನು, ಯಾವುವು, ಯಾವುದು ಯಾತಕ್ಕೆ. ಮನೆಗೂ ಕಚೇರಿಗೂ ವಿಂಡೋಸ್. ಚಿತ್ರ ಬಿಡಿಸುವವರಿಗೆ, ಸಿನಿಮಾ ಕತ್ತರಿಸಿ ಜೋಡಿಸುವವರಿಗೆ ಮ್ಯಾಕ್. ಬ್ಯಾಂಕು, ವಿಶ್ವವಿದ್ಯಾಲಯಗಳ ದೊಡ್ಡ ಯಂತ್ರಗಳಿಗೆ ಲಿನಕ್ಸ್. ಜೇಬಿನ ಫೋನಿಗೆ ಆಂಡ್ರಾಯ್ಡ್, ಇಲ್ಲವೇ ಐಫೋನಿನದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವಳು ಇದನ್ನು ಒಪ್ಪಿಸಿಬಿಡುತ್ತಿದ್ದಳು. ನಿದ್ದೆ ಅನ್ನುವುದೊಂದು ಸಿಗಬೇಕಲ್ಲ, ಅದು ಬೇರೆ ಮಾತು.

"ಅದು ಮನೇಲಿ ಅತ್ತೆ ಇದ್ದ ಹಾಗೆ ಕಣ್ರೇ," ಎಂದು ಆ ಗುರುವಾರವೂ ಹೇಳಿದಳು. "ನೀವು ನೇರವಾಗಿ ಅಡುಗೆಮನೆಗೆ ನುಗ್ಗೋ ಹಾಗಿಲ್ಲ. ಏನು ಬೇಕಂದ್ರೂ ಅವಳಿಗೆ ಹೇಳ್ಬೇಕು, ಅವಳು ಒಳಗೆ ಹೇಳ್ತಾಳೆ. ನೀವು ಒತ್ತೋದು ಬರೀ ಒಂದು ಗುಂಡಿ. ಅದು ಯಾವ ಅಕ್ಷರ ಅಂತ ತೀರ್ಮಾನ ಮಾಡೋಳು ಅವಳು."

"ಅತ್ತೆ ಸರಿಯಿಲ್ಲ ಅಂದ್ರೆ ಮಿಸ್?" ಎಂದಿತು ಹಿಂದಿನ ಬೆಂಚಿನ ಒಂದು ಹುಡುಗಿ.

"ಫಾರ್ಮ್ಯಾಟ್ ಮಾಡಿಸಿ ಹೊಸ ಅತ್ತೇನ ಹಾಕಿಸ್ಕೊಳ್ಳೋದು."

ತರಗತಿ ನಕ್ಕಿತು. ಪ್ರತಿ ವರ್ಷವೂ ಇಲ್ಲೇ ನಗುತ್ತದೆ. ತಗ್ರೀದ್ ನಗಲಿಲ್ಲ. ಮದುವೆಯೇ ಆಗದವಳಿಗೆ ಅತ್ತೆಯ ಕಾಟ ಗೊತ್ತಿರಲಿಲ್ಲ. ಇದ್ದ ಕಾಟವೆಲ್ಲ ಹಾಸಿಗೆ ಹಿಡಿದ ಅಪ್ಪನದು, ಅದೂ ಶನಿವಾರಕ್ಕೆ ಮುಗಿಯಲಿತ್ತು. ಶನಿವಾರ ರಾಜಧಾನಿ ಅಮ್ಮಾನಿನ ವೃದ್ಧಾಶ್ರಮದಿಂದ ವ್ಯಾನು ಬಂದು ಅಪ್ಪನನ್ನು ಕರೆದೊಯ್ಯುವುದೆಂದು ಅಣ್ಣ ನಿಶ್ಚಯ ಮಾಡಿದ್ದ. ಅವಳು ಹೂಂ ಅಂದಿದ್ದಳು.

ಅವಳಪ್ಪನ ಹೆಸರು ಮುಫ್ಲೆಹ್. ಹಿರಿಮಗ ಅಮೀನ್ ಹುಟ್ಟಿದ ಮೇಲೆ ಊರಿಗೆಲ್ಲ ಅಬು ಅಮೀನ್, ಅಂದರೆ ಅಮೀನನ ಅಪ್ಪ. ಕೋರ್ಟಿನ ಗೋಡೆಗೆ ಒರಗಿದ ತಗಡಿನ ಗೂಡಿನಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಗಂಡನಿಂದ ಬಿಡುಗಡೆ ಬೇಕೆಂದವಳಿಗೆ, ತೋಟದ ಬೇಲಿ ಸರಿಸಿದ ದಾಯಾದಿಯ ಮೇಲೆ ಸಿಟ್ಟಾದವನಿಗೆ, ಮಗನನ್ನು ಠಾಣೆಯಿಂದ ಬಿಡಿಸಬೇಕಾದ ತಾಯಿಗೆ ಅವರೇ ಗತಿ. ಮೊದಲು ಟೈಪ್‌ರೈಟರು, ಆಮೇಲೆ ವಿಂಡೋಸ್ ಹಾಕಿದ ಒಂದು ಹಳೆಯ ಕಂಪ್ಯೂಟರು. ಕೀಲಿಗಳನ್ನು ನೋಡಿ ಟೈಪು ಮಾಡಿದ್ದನ್ನು ಯಾರೂ ಕಂಡಿಲ್ಲ. "ಕಣ್ಣು ಎದುರಿಗೆ ಕೂತೋರ ಮುಖದ ಮೇಲಿರ್ಬೇಕು, ಅಳ್ತಾರೋ ಸುಳ್ಳು ಹೇಳ್ತಾರೋ ತಿಳೀಬೇಕಲ್ಲ," ಅನ್ನುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಅವಳ ಕೈಗಳ ಮೇಲೆ ಅಡುಗೆಮನೆಯ ಒರೆಸುಬಟ್ಟೆ ಹೊದಿಸಿ ಟೈಪು ಕಲಿಸಿದ್ದರು. ಬಟ್ಟೆ ಎತ್ತಿ ನೋಡಿದರೆ ಬೆರಳಿಗೆ ಅಡಿಕೋಲಿನ ಏಟು.

ಆಲಿವ್ ಕಾಯಿ ಉಪ್ಪಿಗೆ ಹಾಕುವ ಹೊತ್ತಿನಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ನಾಲಿಗೆ ಬಿದ್ದುಹೋಯಿತು. ಮೊದಲೇ ಮಂಜಾಗಿದ್ದ ಕಣ್ಣು ಅಕ್ಷರ ಓದಲಾಗದಷ್ಟು ಮಂಜಾಯಿತು. ಈ ಕಡೆಯ ಜನ ಹುಬ್ಬೇರಿಸಿದರೆ 'ಇಲ್ಲ' ಎಂದು ಅರ್ಥ. ಅಪ್ಪನ ಮುಖ ಒಂದು ಪಕ್ಕಕ್ಕೆ ಜೋತು ಇನ್ನೊಂದು ಹುಬ್ಬು ಸದಾ ಮೇಲೇ ನಿಂತುಬಿಟ್ಟಿತ್ತು, ಲೋಕಕ್ಕೆಲ್ಲ ಇಲ್ಲ ಅಂದ ಹಾಗೆ. ಅದನ್ನು ಯಾರು ಲೆಕ್ಕಕ್ಕಿಡುತ್ತಾರೆ? "ಹೌದಾದ್ರೆ ಒಂದು ಸಲ ಕೈ ಹಿಸುಕಿ, ಇಲ್ಲಾಂದ್ರೆ ಎರಡು ಸಲ," ಅಂದರೆ ಮುಖ ತಿರುಗಿಸುತ್ತಿದ್ದರು. ಜೀವಮಾನವೆಲ್ಲ ಪೂರ್ತಿ ವಾಕ್ಯ ಬರೆದ ಮನುಷ್ಯ, ಮಗುವಿನ ಆಟಕ್ಕೆ ಒಪ್ಪಲಿಲ್ಲ.

ಆಗ ಅಬುಧಾಬಿಯಿಂದ ಅಮೀನ್ ಬಂದ. ಬೆಳ್ಳಿ ಬಣ್ಣದ, ಕಚ್ಚಿದ ಸೇಬಿನ ಗುರುತಿನ ಹೊಸ ಕಂಪ್ಯೂಟರ್ ತಂದು ಅಪ್ಪನ ತೊಡೆಯ ಮೇಲೆ ಹಲಗೆಯಿಟ್ಟು ಅದರ ಮೇಲಿಟ್ಟ. "ಬಾಯಿ ಬೇಡ ಯಾಬಾ, ಟೈಪು ಮಾಡಿ," ಅಂದ. ಅಪ್ಪನ ಎಡಗೈ ನಡುಸಾಲಿನ ಉಬ್ಬುಗುರುತನ್ನು ತಡಕಿತು, ಸಿಕ್ಕಿತು, ಓಡತೊಡಗಿತು. ಮನೆಯವರೆಲ್ಲ ಬಾಗಿ ಪರದೆ ನೋಡಿದರು. ಬಂದದ್ದು ಹುಚ್ಚು ಬರಹ. ಪದಗಳು ಸರಿಯಾಗಿ ಶುರುವಾಗಿ ನಡುವೆ ಮುರಿದು ಬೀಳುತ್ತಿದ್ದವು. ಅಲ್ಪವಿರಾಮಗಳು ನೊಣದ ಹಾಗೆ ಎಲ್ಲೆಂದರಲ್ಲಿ ಕೂತಿದ್ದವು. ಪೂರ್ತಿ ತಪ್ಪಾಗಿದ್ದರೆ ಯಾರಾದರೂ ಕೀಲಿಮಣೆಯನ್ನು ಅನುಮಾನಿಸುತ್ತಿದ್ದರೋ ಏನೋ. ಅರ್ಧ ಸರಿಯಿತ್ತು, ಅದೇ ಮುಳುವಾಯಿತು. ಅರ್ಧ ಉಳಿದ ತಲೆ ಹೀಗೇ ಇರುತ್ತದೆ ಎಂದು ಎಲ್ಲರಿಗೂ ಅನ್ನಿಸಿತು.

"ಅಪ್ಪ ಹೋದ್ರು ಪುಟ್ಟಿ," ಎಂದು ಅಮೀನ್ ಅಡುಗೆಮನೆಯಲ್ಲಿ ನಿಂತು ಅತ್ತಿದ್ದ. "ಉಳಿದಿರೋದು ಮೈ ಮಾತ್ರ."

ಆದರೂ ಯಂತ್ರವನ್ನು ಅಪ್ಪನ ಮುಂದಿಂದ ತೆಗೆಯಲಿಲ್ಲ. ತೆಗೆದರೆ ಎಡಗೈ ಚಡಪಡಿಸುತ್ತಿತ್ತು. ಹೊತ್ತಿಗೊಮ್ಮೆ ಏನೋ ಕುಟ್ಟುತ್ತಿದ್ದರು, ಒಂದೇ ಕಡತದಲ್ಲಿ ಸಾಲಿನ ಮೇಲೆ ಸಾಲು. ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದದ್ದು ಅರಬ್ಬಿಯ 'ಜ಼ಾಯ್' ಅನ್ನುವ ಒಂದೇ ಅಕ್ಷರ. ಗಂಜಿ ಕುಡೀತೀರಾ ಅಂದರೆ ಜ಼ಾಯ್, ಮಗ್ಗುಲು ತಿರುಗಿಸ್ಲಾ ಅಂದರೆ ಜ಼ಾಯ್ ಜ಼ಾಯ್. ತಗ್ರೀದ್ ಶಾಲೆಗೆ ಹೋದಾಗ ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಉಮ್ ಫವಾಜ್, ಈ ಜ಼ಾಯ್ ಜ಼ಾಯ್ ನೋಡಿ, ಅಪ್ಪನಿಗೆ ದುಂಬಿ ಎಂದೇ ಹೆಸರಿಟ್ಟಿದ್ದಳು.

ಇನ್ನೊಂದು ಪದ ಮಾತ್ರ ಒಮ್ಮೊಮ್ಮೆ ಹರಳಿನಂತೆ ಸ್ಪಷ್ಟವಾಗಿ ಬರುತ್ತಿತ್ತು: ಅಮೀನ್. ಒಂದು ಸಲ 'ಕೇಳಿಸಿತು ಅಮೀನ್' ಎಂದು ಎರಡು ಪದ ಬಂದಿದ್ದವು. ಸ್ವಲ್ಪ ಮೊದಲು ತಗ್ರೀದ್ ಅಣ್ಣನ ಜೊತೆ ಫೋನಿನಲ್ಲಿ ಮಾತಾಡಿದ್ದಳು. ಅಣ್ಣನ ದನಿ ಅಪ್ಪನಿಗೆ ಕೇಳಿಸಿತು ಎಂದುಕೊಂಡಳು. ಅದರ ಫೋಟೋ ತೆಗೆದು ಅಣ್ಣನಿಗೆ ಕಳಿಸಿದಳು, ಅವನು ಅತ್ತ. ಅವಳಿಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಬಳಿಯುವವಳು ತೊಳೆಯುವವಳು ನಾನು, ನೆನಪಾಗುವವನು ಸಮುದ್ರದಾಚೆಯ ಮಗ. ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಆ ಗುರುವಾರ ಅವಳು ಮನೆಗೆ ಬಂದಾಗ ಬೀದಿಯಲ್ಲಿ ಗ್ಯಾಸಿನ ಲಾರಿ ತನ್ನ ರಾಗ ಹಾಕಿಕೊಂಡು ಹೋಗುತ್ತಿತ್ತು. ಉಮ್ ಫವಾಜ್ ಬಾಗಿಲಲ್ಲೇ ಚಪ್ಪಲಿ ಹಾಕಿಕೊಳ್ಳುತ್ತ ನಿಂತಿದ್ದಳು.

"ದುಂಬಿ ಇವತ್ತು ಬಹಳ ಹಾರಾಡ್ತು ಹುಡುಗಿ. ಶನಿವಾರ ವ್ಯಾನು ಬರುತ್ತೆ ಹಾಜಿ, ದೊಡ್ಡ ಊರು ನೋಡ್ತೀರಿ ಅಂದೆ. ಜ಼ಾಯ್ ಜ಼ಾಯ್ ಜ಼ಾಯ್, ಒಂದು ಪುಟ ತುಂಬಿಸ್ಬಿಟ್ರು."

"ನೀವ್ಯಾಕೆ ಹೇಳಕ್ಕೆ ಹೋದ್ರಿ ಖಾಲಾ?"

"ಅರ್ಥ ಆಗದೋರಿಗೆ ಹೇಳಿದ್ರೇನು, ಬಿಟ್ರೇನು?" ಅಂದಳು ಉಮ್ ಫವಾಜ್. ಚಪ್ಪಲಿ ಹಾಕಿ ಆದರೂ ಹೊರಡಲಿಲ್ಲ. "ನಾನಂತ ಅಲ್ಲ, ಜನ ಕೇಳ್ತಾರೆ. ಮಗಳು ಗುಂಡುಕಲ್ಲಿನ ಹಾಗೆ ಇದ್ದೂ ಅಪ್ಪನ್ನ ಆಶ್ರಮಕ್ಕೆ ಹಾಕಿದ್ಳು ಅಂತ."

"ಜನ ಒಂದು ರಾತ್ರಿ ಬಂದು ಅವರ ಬಟ್ಟೆ ಬದಲಿಸ್ಲಿ. ಆಮೇಲೆ ಕೇಳ್ಲಿ."

"ಬಿಸಿ ಆಗ್ಬೇಡ ನನ್ನ ಕಣ್ಣೇ. ಬೇಳೆ ತೊಳೆದಿಟ್ಟಿದ್ದೀನಿ, ಒಲೆಗೆ ಹಾಕು," ಎಂದು ಮುದುಕಿ ನಡೆದಳು.

ತಗ್ರೀದ್ ಬೇಳೆ ಒಲೆಗೆ ಹಾಕಿದಳು. ಅಪ್ಪನ ಬಟ್ಟೆ ಬದಲಿಸಿದಳು, ಬೆನ್ನಿಗೆ ಪೌಡರ್ ಹಚ್ಚಿದಳು, ದಿಂಬು ಏರಿಸಿ ಕೂರಿಸಿದಳು. ಒಂದು ಮಾತೂ ಆಡಲಿಲ್ಲ. ಮೊದಮೊದಲು ಆಡುತ್ತಿದ್ದಳು, ಬರಬರುತ್ತ ಬಾಯಿ ಸೋತಿತು. ಅಷ್ಟರಲ್ಲಿ ಫೋನು. ಅಮೀನ್ ವಿಮಾನ ಇಳಿದಿದ್ದ, ಟ್ಯಾಕ್ಸಿ ಹಿಡಿಯುವುದರಲ್ಲಿದ್ದ.

"ಆಶ್ರಮದವಳು ಇವತ್ತೇ ಕೇಳ್ತಿದ್ದಾಳೆ ಪುಟ್ಟಿ. ಅಪ್ಪನ ಸ್ಥಿತಿ ಹೇಗಿದೆ ಅಂತ ಎರಡು ಸಾಲು ಬರೆದು ಮೇಲ್ ಮಾಡ್ಬಿಡು. ಮಾತಾಡಲ್ಲ, ಅರ್ಥ ಆಗಲ್ಲ. ಅಷ್ಟು ಸಾಕು."

ಫೋನಿನ ಸಣ್ಣ ಪರದೆಯಲ್ಲಿ ಬರೆಯುವಷ್ಟು ಕಣ್ಣು ಉಳಿದಿರಲಿಲ್ಲ. ಅಪ್ಪನ ಮುಂದಿನ ಯಂತ್ರವನ್ನೇ ಊಟದ ಮೇಜಿಗೆ ತಂದುಕೊಂಡಳು. ಇಷ್ಟು ದಿನ ಅದನ್ನು ಒರೆಸಿದ್ದಳು, ಚಾರ್ಜಿಗೆ ಹಾಕಿದ್ದಳು, ಅದರಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಬೇಳೆ ಉಕ್ಕೀತೆಂದು ಅಡುಗೆಮನೆಯ ಕಡೆಗೆ ಮುಖ ಮಾಡಿಯೇ ಟೈಪು ಮಾಡಿದಳು: ಲಾ ಯತಕಲ್ಲಮ್, ಲಾ ಯಫ್ಹಮ್. ಮಾತಾಡುವುದಿಲ್ಲ, ಅರ್ಥವಾಗುವುದಿಲ್ಲ. ಆಮೇಲೆ ಪರದೆಗೆ ತಿರುಗಿದಳು.

'ಜ಼ಾಯ್ ಮಾತಾಡುತ್ತಾರೆ ಜ಼ಾಯ್ ಅರ್ಥವಾಗುತ್ತದೆ' ಎಂದಿತ್ತು.

ಕೈ ತಪ್ಪಿತೆಂದು ಅಳಿಸಿ ಮತ್ತೆ ಹೊಡೆದಳು. ಅದೇ ಬಂತು. ಇಲ್ಲ ಅನ್ನುವ 'ಲಾ' ಇರಬೇಕಾದಲ್ಲಿ ಜ಼ಾಯ್ ಕೂತಿತ್ತು. ತಗ್ರೀದಳ ಬೆರಳು ಕೀಲಿಯ ಮೇಲೇ ನಿಂತಿತು. ಅವಳು ಬೆರಳೆತ್ತಿ ಕೀಲಿಯನ್ನು ನೋಡಿದಳು, ಅಡಿಕೋಲಿನ ಏಟು ತಪ್ಪಿಸಿಕೊಂಡು ನೋಡುವ ಮಗುವಿನ ಹಾಗೆ.

ಅಪ್ಪನ ಟೈಪ್‌ರೈಟರಿನಲ್ಲೂ ಹಳೆಯ ಕಂಪ್ಯೂಟರಿನಲ್ಲೂ ಶಾಲೆಯ ಯಂತ್ರಗಳಲ್ಲೂ ಕೆಳಸಾಲಿನ ನಡುವೆ ಒಂದು ಕೀಲಿಯಿದೆ. ಒಂದೇ ಒತ್ತಿಗೆ 'ಲಾ' ಬರುತ್ತದೆ. ಇಲ್ಲ, ಬೇಡ, ಕೂಡದು, ಎಲ್ಲಕ್ಕೂ ಅದೊಂದೇ. ಈ ಸೇಬಿನ ಯಂತ್ರದಲ್ಲಿ ಅದೇ ಜಾಗದಲ್ಲಿ ಜ಼ಾಯ್ ಇದೆ. ಅವಳು ಇಡೀ ಕೆಳಸಾಲನ್ನು ಒಂದೊಂದಾಗಿ ಒತ್ತಿ ನೋಡಿದಳು. 'ವಾವ್' ಅಕ್ಷರ ಇರಬೇಕಾದಲ್ಲಿ ಅಲ್ಪವಿರಾಮ. 'ರಾ' ಇರಬೇಕಾದಲ್ಲಿ 'ದಾಲ್'. ಮೇಲಿನ ಎರಡು ಸಾಲು ಹೆಚ್ಚುಕಡಿಮೆ ಇದ್ದಂತೆ ಇದ್ದವು, ಕೆಳಸಾಲು ಪೂರ್ತಿ ಬೇರೆ. ಮ್ಯಾಕ್ ಚಿತ್ರ ಬಿಡಿಸುವವರಿಗೆ, ವಿಂಡೋಸ್ ಕಚೇರಿಗೆ ಎಂದು ವರ್ಷವರ್ಷವೂ ಬಾಯಿಪಾಠ ಮಾಡಿಸಿದವಳು ಅವಳು. ಒಂದರಲ್ಲಿ ಕೂತ ಅಕ್ಷರ ಇನ್ನೊಂದರಲ್ಲಿ ಬೇರೆ ಕಡೆ ಕೂತಿರುತ್ತದೆ ಎಂದು ಪುಸ್ತಕದಲ್ಲಿ ಇರಲಿಲ್ಲ, ಅವಳಿಗೂ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಅಪ್ಪನ ಬೆರಳು ಒಂದು ತಪ್ಪನ್ನೂ ಮಾಡಿರಲಿಲ್ಲ.

ಅವಳು ಅಪ್ಪನ ಕಡತ ತೆರೆದು ಕೆಳಸಾಲಿನ ಅಕ್ಷರಗಳನ್ನು ಮನಸ್ಸಿನಲ್ಲೇ ಬದಲಿಸುತ್ತ ಓದಿದಳು. ಬೆನ್ನು ಉರಿಯುತ್ತಿದೆ. ಕಿಟಕಿ ತೆರೆ. ಗಂಜಿ ಬೇಡ. ಯಾರಾದರೂ ಈ ಉಮ್ ಫವಾಜಳ ಬಾಯಿ ಮುಚ್ಚಿಸಿ. ಬೇಡ. ಬೇಡ. ಆಮೇಲೆ ಇವತ್ತಿನದು: ಬೇಡ ಬೇಡ ಬೇಡ ಬೇಡ, ಪುಟದ ತುಂಬ.

ಖುಷಿಯಾಯಿತೇ ಅಂದರೆ, ಇಲ್ಲ. ಮೊದಲು ಬಂದದ್ದು ಭಯ. ಈ ಕೋಣೆಯಲ್ಲಿ ತಾನು ಏನೇನು ಅಂದಿದ್ದೇನೆ, ಯಾರ ಮುಂದೆ ಅಂದಿದ್ದೇನೆ. ಎರಡನೆಯದಾಗಿ ಬಂದ ಯೋಚನೆ ಇನ್ನೂ ಕೀಳು, ಆದರೆ ಬಂದದ್ದು ನಿಜ. ಇದು ಯಾರಿಗೂ ಗೊತ್ತಿಲ್ಲ. ಮುಚ್ಚಳ ಹಾಕಿಬಿಟ್ಟರೆ ಶನಿವಾರ ವ್ಯಾನು ಬರುತ್ತದೆ, ಅಂದು ರಾತ್ರಿ ತಾನು ಬೆಳಗಿನವರೆಗೆ ಮಲಗಬಹುದು. ಇವರ 'ಬೇಡ' ಕಿವಿಗೆ ಬಿದ್ದರೆ ಆ ನಿದ್ದೆ ಹೋಯಿತು, ಮುಂದಿನ ಚಳಿಗಾಲವೂ ಹೋಯಿತು, ಅದರ ಮುಂದಿನದೂ. ತಗ್ರೀದ್ ಮುಚ್ಚಳ ಹಾಕಿಯೇಬಿಟ್ಟಳು. ಒಲೆಯ ಮೇಲೆ ಬೇಳೆ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ ತುಂಬಿತು, ಎದ್ದು ಹೋಗಿ ಆರಿಸುವ ಮನಸ್ಸಾಗಲಿಲ್ಲ.

ಆಗ ಅಪ್ಪನ ಕಡೆ ನೋಡಿದಳು. ತೊಡೆಯ ಮೇಲೆ ಖಾಲಿ ಹಲಗೆಯಿತ್ತು. ಎಡಗೈ ಬರೀ ಮರದ ಮೇಲೆ ಉಬ್ಬುಗುರುತು ಹುಡುಕುತ್ತಿತ್ತು. ಸಿಗದಿದ್ದರೂ ತೋರುಬೆರಳು ಕೆಳಗಡೆಗೆ ಚಾಚಿ ಒತ್ತಿತು, ಮತ್ತೆ ಒತ್ತಿತು. ಯಾವ ಕೀಲಿಯೆಂದು ಅವಳಿಗೆ ಈಗ ಗೊತ್ತಿತ್ತು. ಗೊತ್ತಾದ ಮೇಲೆ ಸುಮ್ಮನೆ ಕೂರುವಷ್ಟು ಕೆಟ್ಟವಳಲ್ಲ ಅವಳು, ಬರೀ ದಣಿದವಳು.

ಒಲೆ ಆರಿಸಿ ಬಂದು ಯಂತ್ರ ತೆರೆದಳು. ಭಾಷೆಗಳ ಪಟ್ಟಿಯಲ್ಲಿ 'ಅರಬ್ಬಿ' ಎಂದಿತ್ತು, ಅದರ ಕೆಳಗೇ 'ಅರಬ್ಬಿ - ಪಿಸಿ' ಎಂದಿತ್ತು, ಅಂದರೆ ವಿಂಡೋಸಿನಂತೆ ಕೂತ ಅಕ್ಷರಗಳು. ಎರಡನೆಯದನ್ನು ಒತ್ತಿದಳು. ಇಷ್ಟೇ. ಒಬ್ಬ ಮನುಷ್ಯನನ್ನು ಚಳಿಗಾಲವಿಡೀ ತಲೆ ಕೆಟ್ಟವನೆಂದು ಕೂರಿಸಿದ್ದಕ್ಕೆ ಮದ್ದು ಒಂದು ಕ್ಲಿಕ್ಕು. ಅಪ್ಪನ ಕೈ ಹಿಡಿದು ಕೀಲಿಯ ಮೇಲಿಟ್ಟಳು.

"ಯಾಬಾ, ತಪ್ಪು ನಿಮ್ಮದಲ್ಲ. ಮೆಷಿನ್ನಿಂದು. ಈಗ ಸರಿ ಮಾಡಿದ್ದೀನಿ. ಹೇಳಿ."

ಎಡಗೈ ಮತ್ತೆ ಉಬ್ಬುಗುರುತು ತಡಕಿತು. ಆಮೇಲೆ ನಿಧಾನವಾಗಿ ಓಡಿತು. ಅವಳು ಬಾಗಿ ಓದಿದಳು.

'ಚಹಾಕ್ಕೆ ಸಕ್ಕರೆ ಯಾಕಿಲ್ಲ?'

ತಗ್ರೀದಳಿಗೆ ನಗು ಬಂತು, ಅದು ಅರ್ಧಕ್ಕೆ ಮುರಿದು ಬೇರೇನೋ ಆಯಿತು. "ಡಾಕ್ಟರು ಹಾಕಬೇಡಿ ಅಂದಿದ್ದಾರೆ ಯಾಬಾ."

'ಡಾಕ್ಟರಿಗೆ ಹಾಕಬೇಡ. ನನಗೆ ಹಾಕು.'

ಅವಳು ಸೆರಗಿನಂಥ ತಲೆವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಂಡಳು. ಏನು ಕೇಳಬೇಕೆಂದು ತಿಳಿಯದೆ, ಒಳ್ಳೆಯ ಸುದ್ದಿಯಾದರೂ ಹೇಳೋಣವೆಂದು, "ಅಣ್ಣ ಬರ್ತಿದ್ದಾನೆ, ದಾರೀಲಿದ್ದಾನೆ. ಆಗಾಗ ಅವನ ಹೆಸರು ಬರೀತಿದ್ರಲ್ಲ," ಅಂದಳು.

'ಬರೆದಿಲ್ಲ.'

"ಬರೆದಿದ್ದೀರಿ ಯಾಬಾ. ಅಮೀನ್ ಅಂತ. ಅದೊಂದು ಪದ ಮಾತ್ರ ಸರಿಯಾಗಿ ಬರ್ತಿತ್ತು."

ಬೆರಳು ತಡೆದು ತಡೆದು ನಡೆಯಿತು. 'ಮಗನ ಹೆಸರಲ್ಲ. ನೀನು ಫೋನಿನಲ್ಲಿ ದೇವರನ್ನು ಬೇಡಿಕೊಂಡೆ. ಅದಕ್ಕೆ ಆಮೀನ್ ಅಂದೆ.'

ಅಮೀನ್, ಆಮೀನ್. ಅಕ್ಷರದ ಮೇಲಿನ ಗುರುತು ಬಿಟ್ಟು ಬರೆದರೆ ಎರಡೂ ಒಂದೇ, ಗುರುತು ಹಾಕಲು ಎರಡನೇ ಕೈ ಬೇಕು. ಅವಳಿಗೆ ಆ ದಿನ ನೆನಪಾಯಿತು. ಇದೇ ಬಾಗಿಲಿಗೆ ಒರಗಿ ನಿಂತು ಅಣ್ಣನಿಗೆ ಹೇಳಿದ್ದಳು: ದೇವರು ಇವರನ್ನ ಬೇಗ ಕರ್ಕೊಂಡು ನಮ್ಮಿಬ್ಬರಿಗೂ ಬಿಡುಗಡೆ ಕೊಡ್ಲಿ. ಅಪ್ಪ ಹಾಸಿಗೆಯಲ್ಲಿ ಕೂತು ಅದನ್ನು ಕೇಳಿದ್ದರು. ಮಗಳ ಪ್ರಾರ್ಥನೆಗೆ ಹಾಗೇ ಆಗಲಿ ಎಂದು ತಾವೂ ದನಿ ಸೇರಿಸಿದ್ದರು. ಅವಳು ಅದರ ಫೋಟೋ ತೆಗೆದು ಕಳಿಸಿದ್ದಳು.

"ಕ್ಷಮಿಸಿ ಅಂತ ಕೇಳಕ್ಕೂ ನಾಚಿಕೆ ಆಗುತ್ತೆ," ಅಂದಳು.

'ನೀನು ಬೇಡಿದ್ದು ತಪ್ಪಲ್ಲ. ನಾನೂ ದಿನಾ ಅದನ್ನೇ ಬೇಡ್ತಿದ್ದೆ. ದೇವರ ಕಚೇರಿಯಲ್ಲೂ ಅರ್ಜಿ ತಡವಾಗುತ್ತೆ.'

ಅವಳು ಅಪ್ಪನ ಮೊಣಕಾಲಿಗೆ ಹಣೆ ಇಟ್ಟು ಅತ್ತಳು. ಸದ್ದಾಗದಂತೆ ಅಳುವ ಅಭ್ಯಾಸ ಅವಳಿಗೆ, ಇವತ್ತು ಸದ್ದಾಯಿತು. ಅತ್ತು ಮುಗಿದ ಮೇಲೂ ಇದ್ದ ಕಷ್ಟ ಇದ್ದಲ್ಲೇ ಇತ್ತು. ಕೇಳಲೇಬೇಕಾದದ್ದನ್ನು ಕೇಳಿದಳು.

"ಶನಿವಾರ ಏನು ಮಾಡೋದು ಯಾಬಾ?"

'ಅಲ್ಲಿಗೆ ಹೋಗಲ್ಲ.'

"ನನ್ನ ಕೈಲಾಗ್ತಿಲ್ಲ." ಇಷ್ಟು ದಿನ ಅವರ ತಲೆಯ ಮೇಲಿಂದ ಎಲ್ಲರಿಗೂ ಹೇಳಿದ್ದ ಮಾತನ್ನು ಮೊದಲ ಸಲ ಅವರ ಮುಖಕ್ಕೆ ಹೇಳಿದಳು. "ನಿಜವಾಗ್ಲೂ ಆಗ್ತಿಲ್ಲ. ಪಾಠ ಮಾಡ್ತಾ ನಿಂತಲ್ಲೇ ಕಣ್ಣು ಕತ್ತಲೆ ಬರುತ್ತೆ."

'ಗೊತ್ತು. ನೋಡ್ತಿದ್ದೀನಿ.'

"ಮತ್ತೆ?"

'ಮೊದಲು ಚಹಾ ಮಾಡು.' ಅವಳು ಎದ್ದು ಹೋಗಿ ಚಹಾ ಮಾಡಿದಳು, ಸಕ್ಕರೆ ಹಾಕಿದಳು, ಚಮಚದಲ್ಲಿ ಕುಡಿಸಿದಳು. ಅವರು ಕಣ್ಣು ಮುಚ್ಚಿ ಕುಡಿದರು.

ದೀಪ ಹಚ್ಚುವ ಹೊತ್ತಿಗೆ ಅಮೀನ್ ಬಂದ. ಒಳ್ಳೆಯ ಮನುಷ್ಯನೇ, ಸಾಮಾನು ಕೆಳಗಿಡುವ ಮೊದಲೇ ಅಪ್ಪನ ಹಣೆಗೆ ಮುತ್ತಿಟ್ಟ. ಇಟ್ಟು ತಂಗಿಯ ಕಡೆಗೆ ತಿರುಗಿದ.

"ಹೇಗಿದ್ದಾರೆ? ಉಣ್ತಾರಾ? ವ್ಯಾನು ಬೆಳಿಗ್ಗೇನೇ ಬರುತ್ತಂತೆ. ಬಟ್ಟೆ ಎಲ್ಲ ಕಟ್ಟಿಟ್ಯಾ? ಮೇಲ್ ಕಳಿಸ್ದ್ಯಾ?"

"ಕಳಿಸ್ಲಿಲ್ಲ," ಅಂದಳು ತಗ್ರೀದ್. "ಆ ವಿಷಯ ನನಗೆ ಹೇಳ್ಬೇಡ ಅಣ್ಣ. ಅವರಿಗೆ ಹೇಳು."

"ಯಾರಿಗೆ?"

"ಅಪ್ಪನಿಗೆ. ಮುಂದೆ ಕೂತಿದ್ದಾರಲ್ಲ."

ಅಮೀನ್ ಅವಳ ಮುಖ ನೋಡಿದ. ಮನೆಯಲ್ಲಿ ಇನ್ನೊಂದು ತಲೆಯೂ ಹೋಯಿತೇ ಎಂಬ ಹಾಗೆ ನೋಡಿದ. ಅವಳು ಕೀಲಿಮಣೆಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅವನು ಕೇಳುತ್ತ ಕೇಳುತ್ತ ಕುರ್ಚಿಯ ಮೇಲೆ ಕೂತ. ನಂಬಲಿಲ್ಲ, ನಂಬದಿರಲೂ ಆಗಲಿಲ್ಲ. ಯಂತ್ರ ತಂದವನು ಅವನೇ ತಾನೇ. ಕೊನೆಗೆ ಅಪ್ಪನ ಕಿವಿಯ ಹತ್ತಿರ ಹೋಗಿ, ಕಿವುಡರಿಗೆ ಕೂಗುವ ಹಾಗೆ, "ಯಾಬಾ, ನಾನು, ಅಮೀನ್. ಶನಿವಾರ ನಿಮ್ಮನ್ನ ಒಂದು ಒಳ್ಳೇ ಜಾಗಕ್ಕೆ," ಎಂದು ಶುರು ಮಾಡಿದ.

ಅಪ್ಪನ ಎಡಗೈ ಮೇಲೆದ್ದು, ತಡಿ ಎಂದಿತು. ಆಮೇಲೆ ಕೀಲಿಗಳ ಮೇಲೆ ಇಳಿಯಿತು. ಈ ಸಲ ಬಹಳ ಹೊತ್ತು ಹಿಡಿಯಿತು. ಅಮೀನನಿಗೆ ಕೊಟ್ಟ ಚಹಾ ಆರಿಹೋಯಿತು, ಮಸೀದಿಯಿಂದ ಕರೆ ಬಂದು ಮುಗಿಯಿತು. ಅಣ್ಣತಂಗಿ ಕಾದರು. ಕೋರ್ಟಿನ ಗೋಡೆಯ ಪಕ್ಕ ಜನ ಹೀಗೆಯೇ ಕಾಯುತ್ತಿದ್ದರು. ಕೈ ನಿಂತ ಮೇಲೆ ಅಮೀನ್ ಬಾಗಿ ಗಟ್ಟಿಯಾಗಿ ಓದಿದ.

'ಅರ್ಜಿದಾರ: ಮುಫ್ಲೆಹ್. ಎದುರುದಾರ: ಅವನ ಮಗ ಅಮೀನ್. ವಿನಂತಿ ಏನೆಂದರೆ, ಅರ್ಜಿದಾರನ ಮಗಳು ಬಹಳ ದಣಿದಿರುತ್ತಾಳೆ. ಆದಕಾರಣ ಎದುರುದಾರನು ಈ ಮನೆಯಲ್ಲಿ ಉಳಿದು ತಂದೆಯ ಕೆಲಸಗಳನ್ನು ತನ್ನ ಕೈಯಾರೆ ಮಾಡತಕ್ಕದ್ದು. ಮಗಳು ಮಲಗತಕ್ಕದ್ದು. ವ್ಯಾನು ಬರಕೂಡದು.'

ಓದುತ್ತ ಓದುತ್ತ ಅಮೀನನ ದನಿ ಇಳಿಯಿತು. 'ಮಲಗತಕ್ಕದ್ದು' ಎಂಬುದನ್ನು ತಂಗಿಯ ಕಡೆ ನೋಡಿ ಓದಿದ.

"ಅಲ್ಲಿ ನನ್ನ ಕೆಲಸ ಇದೆ ಪುಟ್ಟಿ," ಅಂದ. "ಮಕ್ಕಳ ಶಾಲೆ. ನಾನು ಹೇಗೆ ಇಲ್ಲಿ," ಎಂದು ಶುರು ಮಾಡಿದವನು ತಾನು ಯಾರ ಕಡೆಗೆ ಮುಖ ಮಾಡಿ ಹೇಳುತ್ತಿದ್ದೇನೆಂದು ತಿಳಿದು ನಿಲ್ಲಿಸಿದ. ಕುರ್ಚಿಯನ್ನು ಎಳೆದು ಅಪ್ಪನ ಎದುರಿಗೆ ತಿರುಗಿಸಿಕೊಂಡ. ಈ ಸಲ ಕೂಗಲಿಲ್ಲ. "ಎಷ್ಟು ದಿನ ಯಾಬಾ?"

'ರಜೆ ಎಷ್ಟಿದೆಯೋ ಅಷ್ಟು. ಆಮೇಲೆ ಮೂವರೂ ಕೂತು ಮಾತಾಡೋಣ.'

ಅಮೀನ್ ಆ ಸಾಲನ್ನು ಎರಡು ಸಲ ಓದಿದ. ಫೋನು ತೆಗೆದು ಆಶ್ರಮದವಳಿಗೆ ಶನಿವಾರ ವ್ಯಾನು ಬೇಡವೆಂದು ಹೇಳಿದ, ಕಾರಣ ಕೇಳಿದ್ದಕ್ಕೆ "ಅಪ್ಪ ಬೇಡ ಅಂದ್ರು" ಅಂದ. ಆಮೇಲೆ ಅಂಗಿಯ ತೋಳು ಮಡಚಿದ. ಮಡಚಿಕೊಂಡು ಏನು ಮಾಡಬೇಕೆಂದು ಗೊತ್ತಾಗದೆ ಕೋಣೆಯ ನಡುವೆ ನಿಂತ. ಔಷಧಿಯ ಡಬ್ಬಿ ಎತ್ತಿ ನೋಡಿ ಕೆಳಗಿಟ್ಟ, ಬೆನ್ನಿನ ಪೌಡರು ಎತ್ತಿ ನೋಡಿ ಕೆಳಗಿಟ್ಟ.

ತಗ್ರೀದ್ ಗೋಡೆ ಹಿಡಿದುಕೊಂಡು ತನ್ನ ಕೋಣೆಯ ಕಡೆಗೆ ನಡೆಯುತ್ತಿದ್ದಳು. ಮುಂದೇನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ರಜೆ ಮುಗಿದ ಮೇಲೆ ಏನೆಂಬ ಯೋಚನೆ ಮಾಡುವಷ್ಟು ಶಕ್ತಿಯೂ ಇರಲಿಲ್ಲ.

"ಪುಟ್ಟಿ," ಎಂದು ಅಮೀನ್ ಹಿಂದಿನಿಂದ ಕರೆದ. "ಮಾತ್ರೆ ಯಾವ ಹೊತ್ತಿಗೆ ಕೊಡೋದು? ರಾತ್ರಿ ಮಗ್ಗುಲು ಬದಲಿಸೋದು ಹೇಗೆ, ಬಲಗಡೆಗಾ ಎಡಗಡೆಗಾ? ನೋವಾದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

"ನನ್ನನ್ಯಾಕೆ ಕೇಳ್ತೀಯ ಅಣ್ಣ?" ಅಂದಳು ಅವಳು ತಿರುಗದೆಯೇ. "ಅವರನ್ನೇ ಕೇಳು."

ಬಟ್ಟೆ ಬದಲಿಸುವಷ್ಟೂ ತಾಳ್ಮೆಯಿರಲಿಲ್ಲ. ಶಾಲೆಯ ಉಡುಪಿನಲ್ಲೇ ಹಾಸಿಗೆಗೆ ಬಿದ್ದಳು. ಗೋಡೆಯಾಚೆ ಅಣ್ಣ ಏನೋ ಕೇಳುತ್ತಿದ್ದ, ಕೇಳಿ ಸುಮ್ಮನಾಗುತ್ತಿದ್ದ, ಆ ಮೌನದಲ್ಲಿ ಕೀಲಿಗಳ ಸದ್ದು ಬರುತ್ತಿತ್ತು. ಅಪ್ಪ ಏನು ಹೇಳುತ್ತಿದ್ದಾರೆಂದು ತಿಳಿದುಕೊಳ್ಳಬೇಕೆನ್ನಿಸಲಿಲ್ಲ. ಕೇಳಿಸಿಕೊಳ್ಳಲು ಈಗ ಇನ್ನೊಬ್ಬನಿದ್ದ.